ಮುದಿ ಜೋನ್ಸ್ ಮೇಲೇಕೆ ಮುನಿಸು?

ಮಾನ್ಯರೇ,

ಹಾಲಿವುಡ್‌ನ ‘ಇಂಡಿಯಾನಾ ಜೋನ್ಸ್’ ಸಾಹಸಚಿತ್ರ ಸರಣಿಯ ಐದನೇ ಚಿತ್ರ ಬಂದದ್ದು 2023ರಲ್ಲಿ. ನಮ್ಮ ಮನೆಯಲ್ಲಿ ಅದರ ಜಗಳ ಇನ್ನೂ ಮುಗಿದಿಲ್ಲ. 1989ರ ಮೂರನೇ ಚಿತ್ರದ ಕೊನೆಗೆ ನಾಯಕ ಕುದುರೆಯೇರಿ ಮುಳುಗುವ ಸೂರ್ಯನತ್ತ ಹೋದನಲ್ಲ, ಅಲ್ಲಿಗೇ ಮಂಗಳ ಹಾಡಬೇಕಿತ್ತು ಎಂಬುದು ತಮ್ಮನ ವಾದ. 2008ರ ನಾಲ್ಕನೆಯದರಲ್ಲಿ ಅಣುಬಾಂಬ್ ಸಿಡಿದಾಗ ಫ್ರಿಜ್ಜಿನೊಳಗೆ ಕೂತು ಬದುಕುಳಿದದ್ದನ್ನು ನಾನೂ ಸಮರ್ಥಿಸಲಾರೆ.

ಆದರೆ ಐದನೆಯದನ್ನು ‘ಮುದುಕನ ಸಾಹಸ’ ಎಂದು ತಳ್ಳಿಹಾಕುವುದು ಅನ್ಯಾಯ. ತೆರೆಕಂಡಾಗ ಜೋನ್ಸ್ ಪಾತ್ರಧಾರಿ ಹ್ಯಾರಿಸನ್ ಫೋರ್ಡ್‌ಗೆ 80 ವರ್ಷ. ಚಿತ್ರದಲ್ಲಿ ಜೋನ್ಸ್ ಪಕ್ಕದ ಮನೆಯ ಹಾಡಿನ ಗದ್ದಲಕ್ಕೆ ಎಚ್ಚೆತ್ತು, ಚಡ್ಡಿಯಲ್ಲೇ ಬ್ಯಾಟ್ ಹಿಡಿದು ಜಗಳಕ್ಕೆ ಹೊರಡುತ್ತಾನೆ. ಜೋತುಬಿದ್ದ ಆ ಮೈಯನ್ನು ಕ್ಯಾಮೆರಾ ಮುಚ್ಚಿಡುವುದಿಲ್ಲ. ಆರಂಭದಲ್ಲಿ ಕಂಪ್ಯೂಟರ್ ಕೈಚಳಕದಿಂದ ಎಳೆಯ ಮುಖ ಅಂಟಿಸಿದ್ದಾರಲ್ಲ, ಅದಕ್ಕಿಂತ ಇದೇ ನನಗೆ ಹಿಡಿಸಿತು. ಅಲ್ಲಿ ಮುಖಕ್ಕೆ ಪ್ರಾಯ, ದನಿಗೆ ಮುಪ್ಪು!

ಇನ್ನು ‘ಹಳೆಯವೇ ಚೆಂದ’ ಎನ್ನುವವರು 1984ರ ಎರಡನೆಯದನ್ನು ಮತ್ತೆ ನೋಡಲಿ. ಭಾರತದ ಅರಮನೆಯ ಔತಣದಲ್ಲಿ ಮಂಗನ ಮಿದುಳು ಬಡಿಸುತ್ತಾರೆ! ಅಮರೀಶ್ ಪುರಿಯವರ ಅಬ್ಬರವಿಲ್ಲದಿದ್ದರೆ ನಾನಂತೂ ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ತಮ್ಮ ಮಾತ್ರ ಆ ಚಿತ್ರದ ಬಗ್ಗೆ ತುಟಿ ಬಿಚ್ಚುವುದಿಲ್ಲ.

– ಓದುಗ, ಶಿವಮೊಗ್ಗ