ಮನಸ್ತಾಪ ಇದ್ದರೆ ಗುಂಪಿನಲ್ಲಿ ಬರೆಯಬೇಡಿ

ಬೆಳಗಾವಿ ಕ್ರೈಸ್ತ ಸಭೆಯ ಅಣ್ಣಾರು, ಅಕ್ಕಾರು ಎಲ್ಲರಿಗೂ ವಂದನೆ.

ಹೊಲದ ಬದು, ಕೈಗಡ, ಮದುವೆ ಮಾತುಕತೆ, ಯಾವುದರಿಂದ ಮನಸ್ತಾಪ ಬಂದರೂ ದಯವಿಟ್ಟು ಇಲ್ಲಿ ಬರೆಯಬೇಡಿ. ಬೈಬಲಿನ ಮತ್ತಾಯ 18:15ರಂತೆ ಮೊದಲು ನೀವೊಬ್ಬರೇ ಅವರ ಹತ್ತಿರ ಹೋಗಿ. ಮೆಸೇಜಿನಲ್ಲಿ ದನಿ ಕೇಳಿಸುವುದಿಲ್ಲ, ಸಾದಾ ಮಾತೂ ಚುಚ್ಚುತ್ತದೆ. ಆದದ್ದೇನು, ನೋವಾದದ್ದೆಲ್ಲಿ, ಅಷ್ಟೇ ಹೇಳಿ. ಹಳೇ ಲೆಕ್ಕ ತೆಗೆದರೆ ಮಾತು ಅಲ್ಲೇ ಮುರಿಯುತ್ತದೆ. ಅವರದ್ದನ್ನೂ ಪೂರ್ತಿ ಕೇಳಿ. ಬಗೆಹರಿಯದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಿರಿ, ಆದರೆ ಇಬ್ಬರಿಗೂ ಬೇಕಾದವರನ್ನು, ಬರೀ ನಿಮ್ಮ ಕಡೆಯವರನ್ನಲ್ಲ. ಸಭೆಯ ಮುಂದೆ ತರುವುದು ಆಮೇಲೆ.

ತಪ್ಪು ನಿಮ್ಮದಾಗಿದ್ದರೆ ಭಾನುವಾರದ ಕಾಣಿಕೆಗಿಂತ ಮೊದಲು ರಾಜಿ (ಮತ್ತಾಯ 5:23-24).

ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಈ ಕ್ರಮ ಬೇಡವೇ ಬೇಡ. ಕ್ಷಮೆ ಎಂದರೆ ಪೆಟ್ಟು ತಿನ್ನುತ್ತ ಕೂರುವುದಲ್ಲ. ಒಬ್ಬರೇ ಎದುರಿಸಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಿದ್ದರೆ 112ಕ್ಕೆ ಫೋನ್ ಮಾಡಿ.