ಕಿವಿಯ ಮೂಳೆ ವಿಷಯದಲ್ಲಿ ನಾನು ಹೇಳಿದ್ದು ತಪ್ಪು

ಸುಂಟಿಕೊಪ್ಪ, ಭಾನುವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಕೇಳಿದ್ದೆಯಲ್ಲ, "ಅಪ್ಪ, ಕಡಲಸಿಂಹದ ಕಿವಿಯ ಮೂಳೆ ನೋಡಿ ಗಂಡೋ ಹೆಣ್ಣೋ, ವಯಸ್ಸೆಷ್ಟು ಅಂತ ಹೇಳೋಕಾಗುತ್ತಾ?" ಅಂತ. ನಾನು ಮೇಷ್ಟ್ರ ಗತ್ತಿನಲ್ಲಿ, "ದೊಡ್ಡದಿದ್ರೆ ಗಂಡು, ಚಿಕ್ಕದಿದ್ರೆ ಹೆಣ್ಣು ಅಥವಾ ಮರಿ, ಇದರಲ್ಲೇನಿದೆ" ಅಂದುಬಿಟ್ಟೆ. ನೀನು ಸುಮ್ಮನಾದೆ. ನೀನು ಸುಮ್ಮನಾದರೆ ನನ್ನ ಮಾತಿನಲ್ಲಿ ಏನೋ ಎಡವಟ್ಟಿದೆ ಅಂತಲೇ ಅರ್ಥ, ಚಿಕ್ಕಂದಿನಿಂದಲೂ. ರಾತ್ರಿ ನಿದ್ದೆ ಬರಲಿಲ್ಲ.

ಕಡಲಸಿಂಹ, ಅಂದರೆ ಸೀ ಲಯನ್ ಅನ್ನೋ ಸಮುದ್ರದ ಪ್ರಾಣಿಯನ್ನು ಸುಂಟಿಕೊಪ್ಪದಲ್ಲಿ ಎಲ್ಲಿ ಹುಡುಕಲಿ? ಹಂದಿಗೆ ಬರವಿಲ್ಲ. ಅಂಗಡಿಯವನಿಗೆ ಹೇಳಿ ಒಂದು ಮುದಿ ಹೆಣ್ಣುಹಂದಿಯ ತಲೆ ಇಡಿಸಿದೆ, ಕತ್ತಿ ಹಾಕಬೇಡ ಅಂತ ಎರಡೆರಡು ಸಲ ಹೇಳಿ. ಪಕ್ಕದ ತೋಟದವರ ಗೂಡಿನಲ್ಲಿ ನಾಯಿ ಕಚ್ಚಿ ಸತ್ತ ಒಂದೂವರೆ ತಿಂಗಳ ಮರಿಯ ತಲೆಯೂ ಸಿಕ್ಕಿತು. ಎರಡನ್ನೂ ಹಳೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಕಿ ಬಚ್ಚಲೊಲೆಯ ಮೇಲೆ ಕುದಿಸಿದೆ. ನಿನ್ನಮ್ಮ ಏನಂದಳು ಅಂತ ಬರೆಯುವುದಿಲ್ಲ.

ಮಾಂಸ ಬಿಡಿಸಿ, ಒಣಗಿಸಿ, ಕಿವಿತಮಟೆಯ ಹಿಂದಿನ ಗೂಡನ್ನು ಮೆಲ್ಲಗೆ ಒಡೆದು, ನಿನ್ನಮ್ಮನ ಹೊಲಿಗೆ ಸೂಜಿಯಿಂದ ಕೆದಕಿದೆ. ಕಿವಿಯೊಳಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಮೂರು ಪುಟ್ಟ ಮೂಳೆ ಇರುತ್ತವಲ್ಲ, ಮೂರರಲ್ಲಿ ಸುತ್ತಿಗೆ ಮಾತ್ರ ಇಡಿಯಾಗಿ ಬಂತು, ಎರಡು ತಲೆಯಿಂದಲೂ. ಅಡಿಗಲ್ಲು ಒಂದು ಸಿಕ್ಕಿತು. ರಿಕಾಪು ಎಲ್ಲಿ ಹಾರಿತೋ ಗೊತ್ತಿಲ್ಲ. ಮನುಷ್ಯರಲ್ಲೇ ಅದು ಸುಮಾರು 3 ಮಿಲಿಮೀಟರ್, ಮೈಯಲ್ಲೇ ಅತಿ ಚಿಕ್ಕ ಮೂಳೆ. ನನ್ನ ಕನ್ನಡಕಕ್ಕೆ ಅದು ಜಾಸ್ತಿಯೇ ಆಯ್ತು.

ಎರಡೂ ಸುತ್ತಿಗೆಗಳನ್ನು ಕರಿ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟೆ. ಒಂದು ತಲೆ ನನ್ನ ಮುಷ್ಟಿಯಷ್ಟು, ಇನ್ನೊಂದನ್ನು ಎತ್ತಲು ಎರಡು ಕೈ ಬೇಕು. ಸುತ್ತಿಗೆಗಳು ಮಾತ್ರ ಅಕ್ಕಪಕ್ಕದ ಮನೆಯ ಮಕ್ಕಳ ಹಾಗೆ, ಯಾವುದು ಯಾರದ್ದು ಅಂತ ಎರಡು ಸಲ ನೋಡಬೇಕು! ಗುರುತಿಗೆ ದಾರ ಕಟ್ಟಿಟ್ಟೆ.

ಆಗ ನೆನಪಾಯಿತು. ನಮ್ಮಲ್ಲೂ ಹಾಗೇ. ಹುಟ್ಟುವಾಗಲೇ ಕಿವಿಯೊಳಗಿನ ಈ ಮೂರು ಮೂಳೆ ಹೆಚ್ಚುಕಡಿಮೆ ಪೂರ್ತಿ ಬೆಳೆದಿರುತ್ತವೆ. ಇದನ್ನು ಪಾಠ ಮಾಡಿದ್ದವನೇ ನಾನು. ಆದರೂ "ಗಂಡು ಅಂದರೆ ಎಲ್ಲ ಮೂಳೆಯೂ ದೊಡ್ಡದು" ಅಂತ ಇನ್ನೊಂದು ಪಾಠದಲ್ಲಿ 30 ವರ್ಷ ಹೇಳಿಕೊಂಡು ಬಂದೆ. ಹುಟ್ಟುವಾಗಲೇ ಬೆಳೆದು ಮುಗಿದ ಮೂಳೆ ಆಮೇಲೆ ಗಂಡಿಗೆ ಮಾತ್ರ ಹೇಗೆ ದೊಡ್ಡದಾದೀತು? ಎರಡು ಪಾಠ ಒಂದಕ್ಕೊಂದು ಜಗಳವಾಡುತ್ತಿವೆ ಅಂತ ಒಬ್ಬ ಹುಡುಗನೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನಿನ್ನ ಕ್ಯಾಲಿಫೋರ್ನಿಯಾದ ಕಡಲಸಿಂಹಕ್ಕೆ ಬರೋಣ. ಮರಿ ಹುಟ್ಟುವಾಗ 6ರಿಂದ 9 ಕಿಲೋ. ಬೆಳೆದ ಹೆಣ್ಣು 100 ಕಿಲೋ ಆಸುಪಾಸು, ಗಂಡು 300 ದಾಟುತ್ತದೆ. ತಲೆಬುರುಡೆಯಲ್ಲಿ ಇದು ಎದ್ದು ಕಾಣುತ್ತದೆ. ಗಂಡಿಗೆ ಐದು ವರ್ಷದ ಸುಮಾರಿಗೆ ನೆತ್ತಿಯ ಮೇಲೆ ಏಣು ಏಳಲು ಶುರು. ನಿನಗೆ ಬೇಕಾದ್ದು ಕಿವಿಯ ಹಿಂದಿನ ಗುಬುಟು. ಕತ್ತಿನ ಸ್ನಾಯುಗಳು ಹಿಡಿದುಕೊಳ್ಳುವುದು ಅಲ್ಲಿ. ಜಾಗಕ್ಕಾಗಿ ಕತ್ತು ಬೀಸಿ ಹೊಡೆದಾಡುವ ಗಂಡಿಗೆ ಅದು ದಪ್ಪಗೆ, ಒರಟಾಗಿ ಬೆಳೆಯುತ್ತದೆ. ಹೆಣ್ಣಿಗೆ ಅಷ್ಟಿಲ್ಲ. ಅಂದರೆ ಒಳಗಿನ ಮೂರು ಮೂಳೆಯನ್ನು ಗಂಡು-ಹೆಣ್ಣಿಗಾಗಿ ಅಳೆಯುವುದಕ್ಕಿಂತ, ಅವು ಕೂತಿರುವ ಮನೆಯ ಹೊರಗೋಡೆ ನೋಡು. ವಯಸ್ಸಿಗೂ ಅಷ್ಟೇ. ಮರಿಯಲ್ಲಿ ತಲೆಬುರುಡೆಯ ಮೂಳೆಗಳ ನಡುವಿನ ಹೊಲಿಗೆ ಇನ್ನೂ ಬಿಟ್ಟಿರುತ್ತದೆ, ಬೆಳೆದಂತೆ ಬೆಸೆದುಕೊಳ್ಳುತ್ತದೆ. ನಿಖರವಾಗಿ ವರ್ಷ ಬೇಕಾದರೆ ಕಿವಿ ಬಿಟ್ಟು ಕೋರೆಹಲ್ಲು ಹಿಡಿ. ಮರದ ಉಂಗುರದ ಹಾಗೆ ಅದರಲ್ಲಿ ಪದರ ಕೂರುತ್ತದೆ ಅಂತ 1950ರ ಸುಮಾರಿಗೇ ಕಂಡುಕೊಂಡಿದ್ದಾರೆ.

ಒಂದು ಎಚ್ಚರ. ಚಿಕ್ಕ ವಯಸ್ಸಿನ ಗಂಡನ್ನು ದೊಡ್ಡ ಹೆಣ್ಣು ಅಂತ ಬರೆದುಬಿಡಬೇಡ. ಗಾತ್ರ ಒಂದನ್ನೇ ನಂಬಿದರೆ ಬೀಳುವ ಹೊಂಡ ಅದೇ. ಮೊದಲು ವಯಸ್ಸು ಗೊತ್ತುಮಾಡು, ಆಮೇಲೆ ಗಂಡೋ ಹೆಣ್ಣೋ ನೋಡು.

ಇನ್ನೊಂದು ಯೋಚನೆ ಬಂತು, ಅಳತೆಗೆ ಸಂಬಂಧವಿಲ್ಲ. ತಾಯಿ ಕಡಲಸಿಂಹ ಮೀನಿಗೆ ಹೋಗಿ ದಿನಗಟ್ಟಲೆ ಬಿಟ್ಟು ಬರುತ್ತದೆ. ದಡದಲ್ಲಿ ಮರಿಗಳ ಸಂತೆ. ಕೂಗುತ್ತದೆ, ತನ್ನ ಮರಿ ಓಗೊಡುತ್ತದೆ, ದನಿ ಹಿಡಿದು ಹತ್ತಿರ ಬಂದು ಮೂಸಿ ಖಾತ್ರಿ ಮಾಡಿಕೊಳ್ಳುತ್ತದೆ. ಅಷ್ಟು ಎಳೆ ಮರಿಗೆ ಕಿವಿ ಸರಿಯಾಗಿ ಕೇಳಲೇಬೇಕು, ಅಲ್ವಾ? ಒಳಗಿನ ಮೂಳೆಗಳು ಬೆಳವಣಿಗೆಗೆ ಕಾಯದಿರುವುದು ಇದಕ್ಕೇ ಅಂತ ನಾನು ಹೇಳಲಾರೆ, ಹಂದಿಯದ್ದೂ ಕಾಯುವುದಿಲ್ಲವಲ್ಲ. ಆದರೂ ಬಚ್ಚಲಿನ ಕಟ್ಟೆಯ ಮೇಲೆ ಆ ಮರಿಯ ಸುತ್ತಿಗೆಯನ್ನು ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ.

ನನ್ನ ಹಳೇ ವರ್ನಿಯರ್ ಕ್ಯಾಲಿಪರ್ ತುಕ್ಕು ಹಿಡಿದಿದೆ, ಅದರ ಅಳತೆ ಕಳಿಸಿ ನಿನ್ನ ಹೆಸರು ಕೆಡಿಸುವುದಿಲ್ಲ. ಮೂಳೆ ಹಾಕಿಡುವ ಡಬ್ಬಿಗಳ ಮೇಲೆ ಎಡಗಿವಿ, ಬಲಗಿವಿ ಅಂತ ಬರೆಯುವುದನ್ನು ಮರೆಯಬೇಡ. ಎರಡೂ ಬೆರೆತರೆ ಬಿಡಿಸುವುದು ಕಷ್ಟ, ಅನುಭವದಿಂದ ಹೇಳುತ್ತಿದ್ದೇನೆ.

ಕಾಫಿ ಹೂ ಬಿಟ್ಟಿದೆ. ಅಮ್ಮ ಚೆನ್ನಾಗಿದ್ದಾಳೆ. ಆ ಪಾತ್ರೆಯನ್ನು ಇನ್ನೂ ಒಳಗೆ ತರಲು ಬಿಟ್ಟಿಲ್ಲ.

ಇಂತಿ,
ಅಪ್ಪ