ಜಾಗದ ಜೊತೆ ಹೊತ್ತನ್ನೂ ಹೇಳಿ

ಮಾನ್ಯರೇ,

ಬೇಸಿಗೆ ರಜೆ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಪ್ರವಾಸದ ಪುಟಗಳು ಶುರುವಾಗುತ್ತವೆ. ನಿಮ್ಮಲ್ಲೂ ಹೋದ ವಾರ ಮುಂಬೈ ಬಗ್ಗೆ ಒಂದು ಪುಟ ಬಂದಿತ್ತು. ಎಲ್ಲೆಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕು ಅಂತ ಚೆನ್ನಾಗಿ ಬರೆದಿದ್ದೀರಿ. ಆದರೆ ಎಷ್ಟು ಗಂಟೆಗೆ ನಿಲ್ಲಬೇಕು ಅನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಗದಗದಲ್ಲಿ 34 ವರ್ಷ ಫೋಟೊ ಸ್ಟುಡಿಯೊ ನಡೆಸಿದವನು. ಅದಕ್ಕೇ ಈ ಪತ್ರ.

ರೋಲ್ ಹಾಕುವ ಕ್ಯಾಮೆರಾಗಳ ಕಾಲದಲ್ಲಿ, ಜೂನ್ ಮೊದಲ ವಾರ ನನ್ನ ಕೌಂಟರ್ ಮೇಲೆ ಮುಂಬೈಗೆ ಹೋಗಿ ಬಂದವರ ರೋಲುಗಳು ಸಾಲಾಗಿ ಕೂತಿರುತ್ತಿದ್ದವು. ತೊಳೆದು ನೋಡಿದರೆ ಎಲ್ಲದರಲ್ಲೂ ಒಂದೇ ಕಥೆ. ಹಿಂದೆ ಗೇಟ್‌ವೇ ಆಫ್ ಇಂಡಿಯಾ ಬೆಳ್ಳಗೆ ಹೊಳೆಯುತ್ತಿರುತ್ತದೆ. ಮುಂದೆ ನಿಂತವರ ಹಣೆ, ಮೂಗಿನ ತುದಿ ಹೊಳೆಯುತ್ತವೆ. ಕಣ್ಣು ಇರಬೇಕಾದ ಕಡೆ ಮಾತ್ರ ಎರಡು ಕಪ್ಪು ಕುಳಿ.

ಒಂದು ಸಲ ಒಬ್ಬ ಗಿರಾಕಿ ಅಂಥದ್ದೇ ಒಂದು ನೆಗೆಟಿವ್ ಹಿಡಿದುಕೊಂಡು ಬಂದರು. ತಾಯಿ ತೀರಿಕೊಂಡು ಹತ್ತು ದಿನವಾಗಿತ್ತು. "ಅವ್ವಂದು ಒಬ್ಬಾಕಿದ ಫೋಟೊ ಇದೊಂದ ಐತ್ರಿ. ದೊಡ್ಡದ ಮಾಡಿ ಕೊಡ್ರಿ" ಅಂದರು. ಆ ತಾಯಿ ಬದುಕಿನಲ್ಲಿ ಒಂದೇ ಸಲ ಮುಂಬೈ ನೋಡಿದ್ದರಂತೆ. ಸಮುದ್ರದ ಕಟ್ಟೆ ಮೇಲೆ, ಸೆರಗು ಹೊದ್ದು ಕೂತಿದ್ದರು. ನಡುಮಧ್ಯಾಹ್ನದ ಬಿಸಿಲು. ನೆಗೆಟಿವನ್ನು ಬೆಳಕಿಗೆ ಹಿಡಿದೆ. ಕಣ್ಣಿನ ಜಾಗ ಬರೀ ಗಾಜಿನಂತೆ ತಿಳಿಯಾಗಿತ್ತು. ಅಂದರೆ ಅಲ್ಲಿ ಏನೂ ಬಿದ್ದಿಲ್ಲ ಅಂತ ಅರ್ಥ. ಆದರೂ ಡಾರ್ಕ್‌ರೂಮಿನಲ್ಲಿ ತಂತಿಗೆ ಅಂಟಿಸಿದ ರಟ್ಟಿನ ಚೂರನ್ನು ಆ ಜಾಗಕ್ಕೆ ಅಡ್ಡ ಹಿಡಿದು, ಅಲ್ಲಾಡಿಸುತ್ತಾ, ಏಳು ಪ್ರಿಂಟ್ ಹಾಕಿದೆ. ಕಪ್ಪು ಹೋಗಿ ಬೂದಿ ಬಣ್ಣ ಬಂತು. ಕಣ್ಣು ಬರಲಿಲ್ಲ. ಅವರು ಏನೂ ಅನ್ನದೆ ಅದನ್ನೇ ತೆಗೆದುಕೊಂಡು ಹೋದರು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ, ನೆರಳಿಗೆ ಕೂರಿಸಿದ್ದರೆ ಸಾಕಿತ್ತು.

ಈಗ ಎಲ್ಲರ ಕೈಯಲ್ಲೂ ಫೋನ್ ಇದೆ. ಕಪ್ಪು ಬಿದ್ದ ಮುಖವನ್ನು ಅದೇ ಸ್ವಲ್ಪ ಸರಿ ಮಾಡುತ್ತದೆ, ನಿಜ. ಆದರೆ ಸೂರ್ಯ ಬದಲಾಗಿಲ್ಲ ಅಲ್ವಾ? ಕಳೆದ ಮೇ ತಿಂಗಳಲ್ಲಿ ಮಾಟುಂಗಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೇ 15ರ ಮಧ್ಯಾಹ್ನ 12.35ರ ಹೊತ್ತಿಗೆ ಮೊಮ್ಮಗಳು ತಾರಸಿ ಮೇಲೆ ನೀರಿನ ಬಾಟಲಿ ನಿಲ್ಲಿಸಿದಳು. ಸುತ್ತ ಎಲ್ಲೂ ನೆರಳೇ ಇಲ್ಲ! ಮುಂಬೈ ಇರುವುದು 19 ಡಿಗ್ರಿ ಅಕ್ಷಾಂಶದಲ್ಲಿ. ಆ ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಹಾಗಾಗಿ ಮೇ ತಿಂಗಳಿಡೀ ನಡುಹಗಲಲ್ಲಿ ಹುಬ್ಬಿನ ನೆರಳು ನೇರ ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಎಷ್ಟು ದುಬಾರಿ ಫೋನಾದರೂ ಅಷ್ಟೇ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬಯಲಲ್ಲಿ ಫೋಟೊ ತೆಗೆಯಲೇಬೇಡಿ ಅನ್ನುತ್ತೇನೆ ನಾನು. ಊಟ ಮಾಡಿ, ಮಲಗಿ, ಮ್ಯೂಸಿಯಂ ನೋಡಿ. ಮಕ್ಕಳಿಗೂ ವಯಸ್ಸಾದವರಿಗೂ ಅದೇ ಒಳ್ಳೆಯದು. ಆ ಸೆಖೆಯಲ್ಲಿ ಯಾರ ಮುಖದಲ್ಲೂ ನಗು ಇರುವುದಿಲ್ಲ.

ತೆಗೆಯಲೇಬೇಕು ಅಂದರೆ ನೆರಳಿನ ಅಂಚು ಹುಡುಕಿ. ಕಟ್ಟಡದ್ದೋ ಮರದ್ದೋ ನೆರಳಿನೊಳಗೆ ಒಂದು ಹೆಜ್ಜೆ ಒಳಕ್ಕೆ ನಿಲ್ಲಿಸಿ, ಮುಖ ಬಯಲಿನ ಕಡೆ ತಿರುಗಿಸಿ. ಕೂತವರಾದರೆ ತೊಡೆ ಮೇಲೆ ಬಿಳಿ ಟವೆಲ್ ಹಾಸಿ, ಇಲ್ಲವೇ ನಿಮ್ಮದೇ ಪತ್ರಿಕೆಯನ್ನು ಬಿಡಿಸಿಡಿ. ಬೆಳಕು ಅದಕ್ಕೆ ಬಡಿದು ಗಲ್ಲದ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಕಣ್ಣಲ್ಲಿ ಜೀವ ಬರುತ್ತದೆ. ಮದುವೆ ಮನೆಗಳಲ್ಲಿ ನಾನು ಎಷ್ಟು ಸಲ ಪಂಚೆ ಹಿಡಿಸಿಕೊಂಡು ಹೀಗೆ ಫೋಟೊ ತೆಗೆದಿದ್ದೇನೋ ಲೆಕ್ಕವಿಲ್ಲ.

ಇನ್ನು ಜಾಗ ಮತ್ತು ಹೊತ್ತಿನ ಮಾತು. ಮುಂಬೈ ಈ ವಿಷಯದಲ್ಲಿ ಬಹಳ ಸುಲಭದ ಊರು. ಬಂದರು ಪೂರ್ವಕ್ಕೆ, ತೆರೆದ ಸಮುದ್ರ ಪಶ್ಚಿಮಕ್ಕೆ. ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು. ಗೇಟ್‌ವೇ ಇರುವುದು ಬಂದರಿನ ಕಡೆ. ಅಲ್ಲಿ ಬೆಳಿಗ್ಗೆ ಸೂರ್ಯ ನೀರಿನ ಮೇಲಿಂದ ಬರುತ್ತಾನೆ. ತಾಜ್ ಹೋಟೆಲ್ ಮುಂದಿನ ರಸ್ತೆಯಿಂದ ನೋಡಿದರೆ ಕಮಾನು ಕಪ್ಪಗೆ, ಹಿಂದಿನ ಆಕಾಶ ಕೆಂಪಗೆ ಕಾಣುತ್ತದೆ. ಆ ಚಿತ್ರವೇ ಬೇರೆ. ಕಲ್ಲಿನ ಬಣ್ಣ ಬೇಕಾದರೆ ಸಂಜೆ ನಾಲ್ಕು ಗಂಟೆಯ ನಂತರ ಹೋಗಿ. ಆಗ ಊರಿನ ಕಡೆಯ ಮುಖಕ್ಕೆ ಬಿಸಿಲು ಬೀಳುತ್ತದೆ. 1924ರಲ್ಲಿ ಮುಗಿದ ಆ ಕಮಾನು ಹಳದಿ ಬಸಾಲ್ಟ್ ಕಲ್ಲಿನದು. ಮಧ್ಯಾಹ್ನ ಸುಣ್ಣ ಬಳಿದಂತೆ ಕಾಣುವ ಕಲ್ಲು ಆಗ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ.

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಮುಂದೆಯಂತೂ ನಾನು ಎರಡು ಸಲ ಹೋಗಿ ನಿಂತೆ. ಆ ನಿಲ್ದಾಣದ ನಕ್ಷೆ ಮಾಡಿದವರು ಎಫ್. ಡಬ್ಲ್ಯು. ಸ್ಟೀವನ್ಸ್. ಎದುರಿಗಿರುವ ಮಹಾನಗರ ಪಾಲಿಕೆಯ ಕಟ್ಟಡವೂ ಅವರದೇ. ಎರಡೂ ಮುಖಾಮುಖಿ ನಿಂತಿವೆ. ಬೆಳಿಗ್ಗೆ ಪಾಲಿಕೆಗೆ ಬಿಸಿಲು, ಸಂಜೆ ನಿಲ್ದಾಣಕ್ಕೆ. ಬೆಳಿಗ್ಗೆ ಹೋಗಿ ನಿಲ್ದಾಣದ ಫೋಟೊ ಮಂಕಾಗಿ ಬಂತು ಅಂತ ಬೇಜಾರು ಮಾಡಿಕೊಳ್ಳುವವರು ಸುಮ್ನೆ ಹಿಂದಕ್ಕೆ ತಿರುಗಿದರೆ ಸಾಕು.

ಮರೀನ್ ಡ್ರೈವ್‌ನಲ್ಲೂ ಹಾಗೇ. ಸಂಜೆ ಎಲ್ಲರೂ ಮುಳುಗುವ ಸೂರ್ಯನ ಕಡೆ ಫೋನ್ ಹಿಡಿದಿರುತ್ತಾರೆ. ಅವರ ಬೆನ್ನ ಹಿಂದೆ ಆರ್ಟ್ ಡೆಕೊ ಅನ್ನುವ ಶೈಲಿಯ ಹಳೆಯ ಮನೆಗಳ ಸಾಲು ಚಿನ್ನದ ನೀರು ಕುಡಿದಂತೆ ನಿಂತಿರುತ್ತದೆ. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಟ್ಟಡಗಳವು. ನಿಮ್ಮವರನ್ನು ಸೂರ್ಯನ ಕಡೆ ಮುಖ ಮಾಡಿ ಕೂರಿಸಿ, ನೀವು ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿ. ಆ ಹೊತ್ತಿನ ಬಿಸಿಲಿಗೆ ಕಣ್ಣು ಕುಕ್ಕುವುದಿಲ್ಲ. ಕಟ್ಟೆ ಇಳಿದು ಕೆಳಗಿನ ಕಾಂಕ್ರೀಟ್ ದಿಮ್ಮಿಗಳ ಮೇಲೆ ಮಾತ್ರ ಹೋಗಬೇಡಿ, ಜಾರುತ್ತವೆ. ಸೂರ್ಯ ಮುಳುಗಿದ ಮೇಲೆ ಎದ್ದು ಓಡಬೇಡಿ. ಇನ್ನೂ ಇಪ್ಪತ್ತು ನಿಮಿಷ ಕೂರಿ. ಬೀದಿ ದೀಪಗಳು ಹತ್ತಿಕೊಂಡು ಆಕಾಶ ಇನ್ನೂ ನೀಲಿ ಇರುವಾಗ ಆ ಬಾಗಿದ ದಂಡೆ ಹಾರದಂತೆ ಕಾಣುತ್ತದೆ. ಫೋನನ್ನು ಕಟ್ಟೆಗೆ ಒರಗಿಸಿಟ್ಟು ಟೈಮರ್ ಹಾಕಿ. ಕೈ ನಡುಗಿದ ಚಿತ್ರ ಬರುವುದಿಲ್ಲ.

ಮುಂಬೈ ಗಾಳಿಯಲ್ಲಿ ತೇವ ಜಾಸ್ತಿ. ಎಸಿ ಟ್ಯಾಕ್ಸಿಯಿಂದ ಇಳಿದ ಕೂಡಲೇ ಮೊಮ್ಮಗಳ ಕ್ಯಾಮೆರಾದ ಲೆನ್ಸ್ ಮೇಲೆ ಮಂಜು ಕೂತಿತು. ಅವಳು ಕುರ್ತಾದಿಂದ ಒರೆಸಲು ಹೋದಳು, ತಡೆದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಎಸಿಯಿಂದ ಹೊರಡುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೊರಗೆ ಬಂದು ಅರ್ಧ ಗಂಟೆ ಬಿಟ್ಟು ಬಿಚ್ಚಬೇಕು. ಸಮುದ್ರದ ಹತ್ತಿರ ಲೆನ್ಸ್ ಮೇಲೆ ಉಪ್ಪು ಕೂರುತ್ತದೆ. ಅದನ್ನು ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳಬಹುದು. ಮೊದಲು ಗಾಳಿ ಹೊಡೆದು, ಆಮೇಲೆ ಸ್ವಲ್ಪ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಫೋನ್ ಬಿಸಿಯಾಗಿ ನಿಂತುಹೋದರೆ ನೆರಳಲ್ಲಿಟ್ಟು ಕಾಯಿರಿ. ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೇ ನೀರಾಗುತ್ತದೆ.

ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿ ರೀಲ್ ಮಾಡುವ ಮಕ್ಕಳನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಕಂಬಗಳು ಎಷ್ಟು ಹತ್ತಿರ ಹಾದುಹೋಗುತ್ತವೆ ಗೊತ್ತಾ? ದಯವಿಟ್ಟು ದೊಡ್ಡವರು ತಡೆಯಬೇಕು.

ಒಂದು ಬೆಳಿಗ್ಗೆ ಆರೂವರೆಗೆ ದಾದರ್ ಹೂವಿನ ಮಾರುಕಟ್ಟೆಗೆ ಹೋಗಿದ್ದೆವು. ಚೆಂಡುಹೂವಿನ ಗುಡ್ಡೆ ಮುಂದೆ ಒಬ್ಬ ಅಜ್ಜಿ ಕೂತಿದ್ದರು. ಹೂವಿನ ಹಳದಿ ಅವರ ಗಲ್ಲಕ್ಕೆ, ಮೂಗುತಿಗೆ ಬಡಿದಿತ್ತು. ನಾನು ಹೇಳಿದ ಬಿಳಿ ಟವೆಲಿನ ಕೆಲಸವನ್ನು ಅಲ್ಲಿ ಹೂವೇ ಮಾಡುತ್ತಿತ್ತು. ಮೊಮ್ಮಗಳು ದೂರದಿಂದ ಜೂಮ್ ಮಾಡಿ ತೆಗೆಯಲು ನೋಡಿದಳು. ಬೇಡ, ಹತ್ತಿರ ಹೋಗಿ ಕೇಳು ಅಂದೆ. "ಫೋಟೊ ಕಾಢೂ ಕಾ?" ಅಂತ ಕೇಳಿದಳು. ಅಜ್ಜಿ ಮೊದಲು ಬೇಡ ಅಂದರು. ನಾವು ಒಂದು ಕಿಲೊ ಹೂವು ತೆಗೆದುಕೊಂಡು, ಎರಡು ಮಾತಾಡಿದೆವು. ಆಮೇಲೆ ಅವರೇ ಸೆರಗು ಸರಿ ಮಾಡಿಕೊಂಡು ಕೂತರು. ಮೂರು ದಿನ ಬಿಟ್ಟು ಪ್ರಿಂಟ್ ಹಾಕಿಸಿ ಕೊಟ್ಟು ಬಂದೆವು. ಅವರು ಅದನ್ನು ಪಕ್ಕದ ಅಂಗಡಿಯವರಿಗೆಲ್ಲ ತೋರಿಸಿದರು. ಸಾವಿರ ಚಿತ್ರ ತೆಗೆದು ಫೋನಿನಲ್ಲೇ ಬಿಡುವವರಿಗೆ ನನ್ನದೊಂದು ವಿನಂತಿ. ಊರಿಗೆ ಬಂದ ಮೇಲೆ ಐದನ್ನಾದರೂ ಕಾಗದಕ್ಕೆ ಇಳಿಸಿ. ಅದರಲ್ಲಿ ಒಂದು, ಜೊತೆಗೆ ಬಂದ ಹಿರಿಯರು ಒಬ್ಬರೇ ಇರುವ ಚಿತ್ರವಾಗಿರಲಿ. ಹಿಂದೆ ಗೇಟ್‌ವೇ ಕಾಣದಿದ್ದರೂ ಪರವಾಗಿಲ್ಲ, ಕಣ್ಣು ಕಾಣಬೇಕು.

ಸಂಪಾದಕರೇ, ನಾನು ಕೇಳುವುದು ದೊಡ್ಡದೇನಲ್ಲ. ಪ್ರವಾಸದ ಪುಟದಲ್ಲಿ ಪ್ರತಿ ಊರಿನ ಕೆಳಗೆ ಒಂದೇ ಒಂದು ಸಾಲು ಜಾಗ ಕೊಡಿ. ಮುಂಬೈಗಾದರೆ ಹೀಗೆ: "ಮೇ ಮಧ್ಯದಲ್ಲಿ ಸೂರ್ಯೋದಯ ಸುಮಾರು 6.05, ಸೂರ್ಯಾಸ್ತ ಸುಮಾರು 7.05. ಗೇಟ್‌ವೇ ಬೆಳಿಗ್ಗೆ ಅಥವಾ ನಾಲ್ಕರ ನಂತರ, ಮರೀನ್ ಡ್ರೈವ್ ಸಂಜೆ ಆರರ ನಂತರ." ಮುಂಗಾರು ಮುಂಬೈ ಮುಟ್ಟುವುದು ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ. ಮೇ ಮೊದಲ ಭಾನುವಾರದ ಸಂಚಿಕೆಯಲ್ಲೇ ಹಾಕಿದರೆ ಈ ರಜೆಗೆ ಹೊರಟವರ ಕೈಗೆ ಸಿಗುತ್ತದೆ.

ಇಂತಿ,
ಒಬ್ಬ ನಿವೃತ್ತ ಛಾಯಾಗ್ರಾಹಕ, ಗದಗ